ವಿಶ್ವವೀಣೆ ಎಂಬ ಉಪಮೆ

ಕಳೆದ ವರ್ಷ ಮೂಡಬಿದಿರೆಯಲ್ಲಿ ನಡೆದ ಒಂದು ಸಾಹಿತ್ಯಗೋಷ್ಠಿಯಲ್ಲಿ ಭಾಷಣಕಾರರೊಬ್ಬರು, ಜಗತ್ತೆಲ್ಲ ನಾದದಿಂದ ಹುಟ್ಟಿತೆಂದು ನಮ್ಮ ಹಿರಿಯರು ಸಾವಿರಾರು ವರ್ಷಗಳ ಹಿಂದೆಯೇ ಹೇಳಿದ್ದರೆಂದೂ, ಇಂದಿನ ಭೌತವಿಜ್ಞಾನಿಗಳು ತಂತುಸಿದ್ಧಾಂತವೆಂಬ ಹೆಸರಿನಲ್ಲಿ ಅದನ್ನೇ ತಿರುಗಿ ಕಂಡುಕೊಂಡಿರುವರೆಂದೂ ಹೇಳಿದರು. ಎಲೆಕ್ಟ್ರಾನು, ಕ್ವಾರ್ಕು ಮೊದಲಾದ ಕಣಗಳೆಲ್ಲ ಒಂದೇ ತಂತಿಯ ಬೇರೆ ಬೇರೆ ಸ್ವರಗಳಂತೆ. ವಿಶ್ವವೇ ಒಂದು ವೀಣೆಯಂತೆ. ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟದೆ ಇರುವುದಾದರೂ ಹೇಗೆ? ಅದೇ ಮಾತನ್ನು ನಾನು ಬಂಟ್ವಾಳದಲ್ಲಿ ನನ್ನ ತರಗತಿಯ ಮಕ್ಕಳಿಗೆ, ಅಲಂಕಾರಶಾಸ್ತ್ರದ ಪಾಠದ ನಡುವೆ, ಹಲವು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ.

ಗೋಷ್ಠಿ ಮುಗಿದು ಬಸ್ಸಿಗೆ ಕಾಯುತ್ತಿದ್ದಾಗ, ಬೆಳ್ತಂಗಡಿಯ ಕಡೆಯವಳಾದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಭೌತಶಾಸ್ತ್ರದಲ್ಲಿ ಎಂ. ಎಸ್‌ಸಿ. ಓದುತ್ತಿರುವವಳು, ಹತ್ತಿರ ಬಂದು ಕೇಳಿದಳು: “ಸರ್, ವೀಣೆಯ ತಂತಿ ಉಕ್ಕಿನದ್ದೋ ಹಿತ್ತಾಳೆಯದ್ದೋ ಆಗಿರುತ್ತದೆ. ಈ ತಂತು ಯಾವುದರದ್ದು?” ನನಗೆ ಉತ್ತರ ತಿಳಿದಿರಲಿಲ್ಲ. “ನೀವೇ ನಮಗೆ ಪಾಠದಲ್ಲಿ ಹೇಳಿದ್ದಿರಿ, ಅದಕ್ಕೇ ಕೇಳಿದೆ” ಎಂದು ಅವಳು ಮೆಲ್ಲಗೆ ಸೇರಿಸಿದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ ಬಂಟ್ವಾಳ ಸೇರುವವರೆಗೂ ಅದು ನನ್ನನ್ನು ಬಿಡಲಿಲ್ಲ. ತಿಳಿಯದುದನ್ನು ತಿಳಿದವನಂತೆ ಹೇಳಿದ ಅಧ್ಯಾಪಕನ ಮುಂದೆ ಅವನ ಮಾತೇ ಬಂದು ನಿಂತರೆ ಹೇಗಾಗುತ್ತದೆಯೋ ಹಾಗೆ ಆಯಿತು. ಆಮೇಲಿನ ತಿಂಗಳುಗಳಲ್ಲಿ ಆ ವಿಷಯವನ್ನು ನನ್ನ ಯೋಗ್ಯತೆಗೆ ನಿಲುಕುವಷ್ಟು ಓದಿದೆ, ತಿಳಿದವರನ್ನು ಕೇಳಿದೆ. ಆ ಓದಿನ ಫಲವಾಗಿ ನನಗೆ ಖಚಿತವಾದ ಒಂದು ಅಭಿಪ್ರಾಯವನ್ನು ಇಲ್ಲಿ ಮಂಡಿಸುತ್ತಿದ್ದೇನೆ. ನಾನು ವಿಜ್ಞಾನಿಯಲ್ಲ, ಕನ್ನಡದ ಅಧ್ಯಾಪಕ. ಆದರೆ ಇಲ್ಲಿ ತಪ್ಪು ನಡೆದಿರುವುದು ಗಣಿತದಲ್ಲಲ್ಲ, ಉಪಮೆಯಲ್ಲಿ; ಉಪಮೆ ನನ್ನ ಕಸುಬಿನ ಸಾಮಗ್ರಿಯಾದುದರಿಂದ ಮಾತನಾಡುವ ಅಧಿಕಾರ ನನಗೆ ಅಷ್ಟರಮಟ್ಟಿಗೆ ಉಂಟೆಂದು ಭಾವಿಸಿದ್ದೇನೆ.

ಮೊದಲು ಆ ವಾದವೇನೆಂಬುದನ್ನು ನೋಡೋಣ. ೧೮೯೭ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ದಿನದಿಂದ, ೨೦೧೨ರಲ್ಲಿ ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ ಹಿಗ್ಸ್ ಕಣ ದೊರೆತ ದಿನದವರೆಗೆ, ಭೌತವಿಜ್ಞಾನಿಗಳು ಪದಾರ್ಥವನ್ನು ಒಡೆಯುತ್ತ ಒಡೆಯುತ್ತ ಕಣಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಪ್ರೋಟಾನು, ನ್ಯೂಟ್ರಾನುಗಳು ಕ್ವಾರ್ಕುಗಳಿಂದಾದವು. ಕ್ವಾರ್ಕೂ ಎಲೆಕ್ಟ್ರಾನೂ ಮಾತ್ರ ಇನ್ನು ಒಡೆಯುವುದಿಲ್ಲ. ಈ ತನಕದ ಪ್ರಯೋಗಗಳಿಗೆ ಅವು ಉದ್ದಗಲವಿಲ್ಲದ ಬಿಂದುಗಳಂತೆಯೇ ತೋರುತ್ತವೆ. ಈ ಬಿಂದುಗಳ ಲೆಕ್ಕಾಚಾರ ಅದ್ಭುತವಾಗಿ ಫಲಿಸಿತು. ಆದರೆ ಗುರುತ್ವಾಕರ್ಷಣೆಯನ್ನು ಅದೇ ಲೆಕ್ಕಕ್ಕೆ ಸೇರಿಸಹೊರಟಾಗ ತೊಡಕು ಬಂತು. ಬಿಂದುವಿಗೆ ಗಾತ್ರವಿಲ್ಲವಾದ್ದರಿಂದ ಎರಡು ಬಿಂದುಗಳು ಎಷ್ಟು ಹತ್ತಿರವಾದರೂ ಆಗಬಹುದು. ಅಂತರ ಸೊನ್ನೆಯಾದಲ್ಲಿ ಬಲದ ಲೆಕ್ಕವು ಅನಂತಕ್ಕೆ ಏರುತ್ತದೆ. ಅನಂತವೆಂದು ಉತ್ತರ ಬಂದ ಲೆಕ್ಕವು ಭಕ್ತನಿಗೆ ಪ್ರಿಯವಾಗಬಹುದು, ಗಣಿತಜ್ಞನಿಗೆ ಅದು ತಪ್ಪಿನ ಸೂಚನೆ.

ತಂತುವಿನ ಕಲ್ಪನೆ ಬಂದದ್ದು ಬೇರೊಂದು ದಾರಿಯಿಂದ. ೧೯೬೮ರಲ್ಲಿ ಗೇಬ್ರಿಯೇಲ್ ವೆನೆತ್ಸಿಯಾನೋ ಎಂಬ ಇಟಲಿಯ ಯುವಕನು, ಪರಮಾಣುವಿನ ಬೀಜದೊಳಗಿನ ಬಲವನ್ನು ವಿವರಿಸಲು ಒಂದು ಸೂತ್ರವನ್ನು ಬರೆದನು. ಒಂದೆರಡು ವರ್ಷಗಳಲ್ಲಿ ನಂಬು, ಸಸ್ಕಿಂಡ್, ನೀಲ್ಸೆನ್ ಎಂಬ ಮೂವರು, ಆ ಸೂತ್ರವು ಬಿಂದುವನ್ನಲ್ಲ, ಕಂಪಿಸುವ ಎಳೆಯೊಂದನ್ನು ವರ್ಣಿಸುತ್ತಿದೆಯೆಂದು ಬೇರೆ ಬೇರೆಯಾಗಿ ಕಂಡುಕೊಂಡರು. ಬೀಜದ ಬಲಕ್ಕೆ ಆ ವಿವರಣೆ ಹೊಂದಲಿಲ್ಲ; ಬೇಡದ ಕಣವೊಂದು ಲೆಕ್ಕದಲ್ಲಿ ಪದೇ ಪದೇ ಬಂದು ಕೂಡುತ್ತಿತ್ತು. ೧೯೭೪ರಲ್ಲಿ ಶೆರ್ಕ್, ಶ್ವಾರ್ಟ್ಸ್ ಎಂಬಿಬ್ಬರೂ, ಜಪಾನಿನಲ್ಲಿ ಯೋನೆಯಾ ಎಂಬವರೂ, ಬೇಡವೆಂದು ತಳ್ಳಿದ ಆ ಕಣವೇ ಗುರುತ್ವಾಕರ್ಷಣೆಯನ್ನು ಹೊತ್ತು ತರುವ ಕಣದ ಲಕ್ಷಣಗಳನ್ನೆಲ್ಲ ಪಡೆದಿದೆಯೆಂದು ತೋರಿಸಿದರು. ಹೀಗೆ ಒಂದು ಬಾಗಿಲಲ್ಲಿ ತಿರಸ್ಕೃತವಾದ ವಾದವು ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ೧೯೮೪ರಲ್ಲಿ ಗ್ರೀನ್ ಮತ್ತು ಶ್ವಾರ್ಟ್ಸ್ ಅದರೊಳಗಿನ ಒಂದು ದೊಡ್ಡ ವಿರೋಧವನ್ನು ಪರಿಹರಿಸಿದ ಮೇಲೆ ಜಗತ್ತಿನ ಅನೇಕ ಮೇಧಾವಿಗಳು ಅದರ ಬೆನ್ನು ಹತ್ತಿದರು. ಬಿಂದುವಿನ ಬದಲು ಎಳೆಯಿದ್ದರೆ ಎರಡು ವಸ್ತುಗಳು ಒಂದೇ ಚುಕ್ಕೆಯಲ್ಲಿ ಸಂಧಿಸಬೇಕಾಗಿಲ್ಲ. ಸಂಧಿಯು ತುಸು ಹರಡಿಕೊಳ್ಳುತ್ತದೆ, ಅನಂತವು ತಪ್ಪುತ್ತದೆ. ಇದೇ ಆ ವಾದದ ಮುಖ್ಯ ಬಲ.

ಆ ಎಳೆಯ ಅಳತೆಯೆಷ್ಟು? ಸಾಮಾನ್ಯವಾಗಿ ಎಣಿಸುವ ಲೆಕ್ಕದಲ್ಲಿ, ಒಂದು ಮೀಟರನ್ನು, ಒಂದರ ಮುಂದೆ ೩೫ ಸೊನ್ನೆ ಬರೆದಷ್ಟು ಪಾಲು ಮಾಡಿದರೆ ದೊರೆಯುವ ಒಂದು ಪಾಲಿನ ಆಸುಪಾಸು. ಒಂದು ಪರಮಾಣುವನ್ನು ನಮ್ಮ ಕಣ್ಣಿಗೆ ನಿಲುಕುವ ಇಡೀ ವಿಶ್ವದಷ್ಟು ಹಿಗ್ಗಿಸಿದರೂ ತಂತು ನೂರು ಮೀಟರಿನ ಆಸುಪಾಸಿಗೆ ಬಂದೀತು, ಅಷ್ಟೆ. ಅಂಥ ಎಳೆಯು ಕಂಪಿಸುತ್ತದೆ. ಕಂಪಿಸುವ ರೀತಿ ಬೇರೆಯಾದಂತೆ ಅದು ದೂರದಿಂದ ನಮಗೆ ಬೇರೆ ಬೇರೆ ಕಣವಾಗಿ ತೋರುತ್ತದೆ. ಕಂಪನಕ್ಕೆ ಶಕ್ತಿಯುಂಟು, ಶಕ್ತಿಯೆಂದರೆ ದ್ರವ್ಯರಾಶಿಯೆಂದು ಐನ್‌ಸ್ಟೈನರು ೧೯೦೫ರಲ್ಲೇ ತೋರಿಸಿದ್ದಾರೆ. ಆದುದರಿಂದ ಕಣದ ತೂಕವೂ ಗುಣವೂ ಎಳೆಯ ಕಂಪನದಿಂದಲೇ ಬರಬೇಕು. ವೀಣೆಯ ಉಪಮೆ ಹುಟ್ಟಿದ್ದು ಇಲ್ಲಿ. ಇಲ್ಲಿಯವರೆಗೆ ಅದು ನ್ಯಾಯವಾದ ಉಪಮೆಯೇ.

ಉಪಮಾನವನ್ನು ಸರಿಯಾಗಿ ತಿಳಿಯದೆ ಉಪಮೇಯವನ್ನು ತಿಳಿಯುವುದು ಸಾಧ್ಯವಿಲ್ಲ. ವೀಣೆಯ ತಂತಿಯ ವಿಷಯವನ್ನು ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದು, ೧೯೭೦ರಲ್ಲಿ ತೀರಿಕೊಳ್ಳುವವರೆಗೆ ಅದೇ ಊರಿನಲ್ಲಿ ನೆಲೆಸಿದ ಸಿ. ವಿ. ರಾಮನ್ನರು, ಬೆಳಕಿನ ಸಂಶೋಧನೆಗೆ ಹೆಸರಾಗುವ ಮೊದಲು ಕಲ್ಕತ್ತೆಯಲ್ಲಿ ತಂತಿಯ ಕಂಪನವನ್ನೇ ಅಭ್ಯಾಸ ಮಾಡಿದವರು. ಎಳೆದು ಬಿಗಿದ ತಂತಿ ಇಡಿಯಾಗಿಯೂ ಕಂಪಿಸುತ್ತದೆ; ಅದೇ ಹೊತ್ತಿಗೆ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕಂಪಿಸುತ್ತದೆ. ತಂತಿಯನ್ನು ಯಾವ ಉಪಸ್ವರದ ನಿಶ್ಚಲಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರವು ಕೇಳಿಸಬಾರದೆಂದು ಯುರೋಪಿನವರ ನಿಯಮ. ತಂಬೂರಿ, ವೀಣೆಗಳಲ್ಲಿ ಅದೂ ಕೇಳಿಸುತ್ತದೆಯೆಂದೂ, ತಂತಿ ಹಾಯುವ ಕುದುರೆಯ ಮೈ ಅಗಲವಾಗಿ ಬಾಗಿರುವುದೇ ಅದಕ್ಕೆ ಕಾರಣವೆಂದೂ ರಾಮನ್ನರು ೧೯೨೧ರಲ್ಲಿ ತೋರಿಸಿದರು.

ಚರ್ಮವಾದ್ಯದ ಮೇಲೆಯೂ ಅವರು ಕೆಲಸ ಮಾಡಿದರು. ಬರಿಯ ಚರ್ಮವನ್ನು ಬಿಗಿದು ಬಡಿದರೆ ಅದರ ಉಪಸ್ವರಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತದೆ. ಮೃದಂಗದ ಬಲಮೈಯ ನಡುವೆ ಹಚ್ಚಿದ ಕಪ್ಪು ಲೇಪವು ಅವನ್ನು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪ್ರಮಾಣಕ್ಕೆ ತಂದು ತಂತಿಯಂತೆಯೇ ಶ್ರುತಿಬದ್ಧವಾಗಿಸುತ್ತದೆಯೆಂದು ೧೯೨೦ರಲ್ಲೂ ೧೯೩೫ರಲ್ಲೂ ಅವರು ವಿವರಿಸಿದರು. ನಮ್ಮ ಯಕ್ಷಗಾನದ ಮದ್ದಳೆಯೂ ಅದೇ ವಂಶದ್ದು. ಬೆಳ್ತಂಗಡಿ ತಾಲೂಕಿನ ಒಂದು ಬಯಲಾಟದಲ್ಲಿ, ಭಾಗವತರ ಶ್ರುತಿಗೆ ಮದ್ದಳೆಯನ್ನು ಸೇರಿಸುತ್ತಿದ್ದ ಹಿರಿಯರೊಬ್ಬರನ್ನು ಈ ಕಪ್ಪೇಕೆಂದು ಕೇಳಿದೆ. “ಅದಿಲ್ಲದಿದ್ದರೆ ಶಬ್ದ ಉಂಟು ಮಾಷ್ಟ್ರೇ, ಸ್ವರ ಇಲ್ಲ” ಎಂದರು. ರಾಮನ್ನರ ಲೇಖನದ ಸಾರವೂ ಅಷ್ಟೇ. ಗಮನಿಸತಕ್ಕ ವಿಷಯವೇನೆಂದರೆ, ನಮ್ಮ ವಾದ್ಯಗಾರರ ಜಾಣತನವನ್ನು ರಾಮನ್ನರು ಗೌರವಿಸಿದ್ದು ಅಳೆದು ನೋಡಿ. ಹೊಗಳಿಕೆಯು ಅಳತೆಯ ಹಿಂದೆ ಬಂತು, ಮುಂದೆ ಬರಲಿಲ್ಲ.

ಇನ್ನು ಉಪಮೆ ಎಲ್ಲಿ ನಿಲ್ಲುತ್ತದೆಯೆಂಬುದನ್ನು ನೋಡೋಣ. ಒಂದನೆಯದು ನನ್ನ ವಿದ್ಯಾರ್ಥಿನಿಯ ಪ್ರಶ್ನೆ. ವೀಣೆಯ ತಂತಿ ಲೋಹದ್ದು, ಲೋಹ ಪರಮಾಣುಗಳಿಂದಾದದ್ದು. ತಂತು ಯಾವುದರಿಂದಲೂ ಆದದ್ದಲ್ಲ. ಅದು ಇನ್ನೊಂದರಿಂದ ಆಗಿದ್ದರೆ ಮೂಲವೆಂಬ ಹೆಸರು ಅದಕ್ಕೆ ಸಲ್ಲುತ್ತಿರಲಿಲ್ಲ. ಅದಕ್ಕೆ ಬಿಗಿತವುಂಟು, ಉದ್ದವುಂಟು; ದಪ್ಪವಿಲ್ಲ, ಹುರಿಯಿಲ್ಲ, ಬಣ್ಣವಿಲ್ಲ. ಎರಡನೆಯದು, ವೀಣೆಯ ತಂತಿ ಎರಡು ಕಡೆ ಕಟ್ಟಲ್ಪಟ್ಟಿದೆ, ಬಿರಡೆಯಿಲ್ಲದೆ ಬಿಗಿತವಿಲ್ಲ. ಗುರುತ್ವವನ್ನು ಹೊರುವ ತಂತುವಾದರೋ ತುದಿಯೇ ಇಲ್ಲದ ಬಳೆ; ಅದನ್ನು ಯಾರೂ ಎಲ್ಲಿಯೂ ಕಟ್ಟಿಲ್ಲ. ಮೂರನೆಯದು, ವೀಣೆಯ ತಂತಿ ಅಡ್ಡಲಾಗಿ ಎರಡು ದಿಕ್ಕುಗಳಲ್ಲಿ ಮಾತ್ರ ಅಲುಗಾಡಬಲ್ಲುದು. ತಂತುವಿನ ಗಣಿತವು ಸರಿಹೋಗಬೇಕಾದರೆ ಕಾಲವೂ ಸೇರಿ ಹತ್ತು ಆಯಾಮಗಳು ಬೇಕು. ಆಗ ಅದಕ್ಕೆ ಅಲುಗಾಡಲು ಎಂಟು ಅಡ್ಡ ದಿಕ್ಕುಗಳು ದೊರೆಯುತ್ತವೆ. ನಮಗೆ ಕಾಣುವ ನಾಲ್ಕನ್ನು ಕಳೆದು ಉಳಿದ ಆರು ಆಯಾಮಗಳು ಸುರುಳಿಸುತ್ತಿ ಅಡಗಿವೆಯೆಂದು ಆ ಪಕ್ಷದವರು ಹೇಳುತ್ತಾರೆ. ಇನ್ನು ನಾದದ ಮಾತು: ನಾದಕ್ಕೆ ಗಾಳಿ ಬೇಕು, ಕಿವಿ ಬೇಕು. ತಂತುವಿನ ಕಂಪನಕ್ಕೆ ಎರಡೂ ಇಲ್ಲ. ಅಲ್ಲಿ ಕಂಪನವುಂಟು, ನಾದವಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ನಾನು ತರಗತಿಯಲ್ಲಿ ಹೇಳುತ್ತಿದ್ದುದು ಸಂಪೂರ್ಣ ತಪ್ಪೆಂದು ನನಗೆ ತಿಳಿದದ್ದೂ ಇಲ್ಲೇ. ಎಲೆಕ್ಟ್ರಾನು ಷಡ್ಜ, ಕ್ವಾರ್ಕು ಗಾಂಧಾರ ಎಂಬಂತೆ ನಾನು ಹೇಳುತ್ತಿದ್ದೆ. ವಸ್ತುಸ್ಥಿತಿ ಹಾಗಿಲ್ಲ. ತಂತುವಿನ ಮೇಲಿನ ಸ್ವರಗಳಿಗೆ ಏರುವುದಕ್ಕೆ ಬೇಕಾದ ಶಕ್ತಿ ಎಷ್ಟು ಅಗಾಧವೆಂದರೆ, ಅಂಥ ಸ್ವರದ ಕಣವು ಪ್ರೋಟಾನಿಗಿಂತ, ಒಂದರ ಮುಂದೆ ೧೯ ಸೊನ್ನೆ ಬರೆದಷ್ಟು ಪಟ್ಟಿನ ಆಸುಪಾಸಿನಲ್ಲಿ ಭಾರವಾಗಿರುತ್ತದೆ. ಅದನ್ನು ಯಾರೂ ಕಂಡಿಲ್ಲ. ನಾವು ಕಂಡಿರುವ ಕಣಗಳೆಲ್ಲ, ಬೆಳಕಿನ ಕಣವೂ ಎಲೆಕ್ಟ್ರಾನೂ ಕ್ವಾರ್ಕೂ, ಒಂದೇ ಕೆಳಗಿನ ಸ್ವರದ ಮೆಟ್ಟಿಲಲ್ಲಿ, ತೂಕವೇ ಇಲ್ಲದ ಮೆಟ್ಟಿಲಲ್ಲಿ, ನಿಂತಿವೆ. ಅವುಗಳ ಭೇದ ಸ್ವರದ ಏರಿಳಿತದಿಂದ ಬಂದದ್ದಲ್ಲ. ಎಳೆಯು ಯಾವ ದಿಕ್ಕಿನಲ್ಲಿ ಅಲುಗುತ್ತದೆ, ಅಡಗಿದ ಆಯಾಮಗಳನ್ನು ಹೇಗೆ ಸುತ್ತಿಕೊಂಡಿದೆ ಎಂಬುದರಿಂದ ಬಂದದ್ದು. ಅವುಗಳಿಗಿರುವ ಚೂರು ತೂಕವಾದರೋ ಆಮೇಲೆ ಬೇರೆ ಕಾರಣದಿಂದ ಕೂಡಿಕೊಂಡದ್ದು. ಸುಂದರವಾದ ಉಪಮೆಯ ಹೃದಯಭಾಗವೇ ಹೀಗೆ ಸಡಿಲವಾಗಿದೆಯೆಂದು ತಿಳಿದಾಗ ನನಗಾದ ಸಂಕೋಚವನ್ನು ವಾಚಕರು ಊಹಿಸಬಹುದು.

ಇದಿಷ್ಟು ವಿಜ್ಞಾನದ ಕಡೆಯ ಮಾತು. ನಮ್ಮ ಹಿರಿಯರ ಕಡೆಯ ಮಾತೇನು? ಆ ಭಾಷಣ ನಡೆದದ್ದು ಮೂಡಬಿದಿರೆಯಲ್ಲಿ. ೧೪೩೦ರ ಸಾವಿರ ಕಂಬದ ಬಸದಿಯಿರುವ ಆ ಊರಿನಲ್ಲಿ, ಪದಾರ್ಥದ ಮೂಲವನ್ನು ಕುರಿತು ಬಹು ಸೂಕ್ಷ್ಮವಾಗಿ ಚಿಂತಿಸಿದ ಜೈನದರ್ಶನವನ್ನು ಶತಮಾನಗಳಿಂದ ಓದಿಸಿದ್ದಾರೆ. ನಾದದ ಮಾತನ್ನು ಎತ್ತಿಕೊಳ್ಳುವ ಮೊದಲು ಆ ಊರಿನ ದರ್ಶನವನ್ನೇ ಕೇಳಬಹುದಾಗಿತ್ತು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯದಲ್ಲಿ ಪುದ್ಗಲದ, ಎಂದರೆ ಜಡದ್ರವ್ಯದ, ವಿಚಾರವಿದೆ. ವೈಶೇಷಿಕರು ಪೃಥ್ವಿ, ಜಲ, ತೇಜಸ್ಸು, ವಾಯುಗಳಿಗೆ ನಾಲ್ಕು ಬಗೆಯ ಪರಮಾಣುಗಳನ್ನು ಹೇಳಿದರು. ಜೈನರು ಪರಮಾಣುಗಳ ಜಾತಿ ಒಂದೇ ಎಂದರು. ಸ್ಪರ್ಶ, ರಸ, ಗಂಧ, ವರ್ಣಗಳ ತಾರತಮ್ಯದಿಂದಲೂ, ಸ್ನಿಗ್ಧತೆ ರೂಕ್ಷತೆಗಳ ಮಾತ್ರೆಯಿಂದಾಗುವ ಬಂಧದಿಂದಲೂ ಲೋಕದ ವೈವಿಧ್ಯವುಂಟಾಯಿತೆಂದರು. ಶಬ್ದವನ್ನು ವೈಶೇಷಿಕರು ಆಕಾಶದ ಗುಣವೆಂದು ಬಗೆದರೆ, ಜೈನರು ಅದನ್ನು ಪುದ್ಗಲದ ಒಂದು ಪರ್ಯಾಯವೆಂದರು. ಎಂದರೆ ಈ ದರ್ಶನದಲ್ಲಿ ಶಬ್ದವು ಪದಾರ್ಥದಿಂದ ಹುಟ್ಟುತ್ತದೆ. ಪದಾರ್ಥವು ಶಬ್ದದಿಂದ ಹುಟ್ಟುವುದಿಲ್ಲ. ಭಾಷಣದಲ್ಲಿ ಹೇಳಿದುದಕ್ಕೆ ಇದು ನೇರ ಪ್ರತಿಪಕ್ಷ. “ನಮ್ಮ ಹಿರಿಯರು” ಎಂದು ಒಟ್ಟಾಗಿ ಹೇಳುವಾಗ, ಒಬ್ಬರೊಡನೊಬ್ಬರು ಶತಮಾನಗಳ ಕಾಲ ವಾದಿಸಿದ ಈ ಹಿರಿಯರಲ್ಲಿ ಯಾರನ್ನು ಕುರಿತು ಹೇಳುತ್ತಿದ್ದೇವೆಂಬುದನ್ನಾದರೂ ಸ್ಪಷ್ಟಪಡಿಸಬೇಡವೇ?

ಒಂದೇ ಜಾತಿಯ ಮೂಲದಿಂದ ಹಲವು ಬಗೆಯ ಲೋಕ ಎಂಬಲ್ಲಿ ಜೈನರ ಪರಮಾಣುವಿಗೂ ಇಂದಿನ ತಂತುವಿಗೂ ಹೋಲಿಕೆಯುಂಟು. ಅದನ್ನು ಸಂತೋಷದಿಂದ ಒಪ್ಪೋಣ. ಆದರೆ ಅದೇ ಪರಮಾಣುವು ಆಕಾಶದ ಒಂದೇ ಒಂದು ಪ್ರದೇಶವನ್ನು ಆಕ್ರಮಿಸುವಂಥದು. ಆದಿ, ಮಧ್ಯ, ಅಂತ್ಯಗಳಿಲ್ಲದ ನಿರವಯವ ವಸ್ತು. ಎಂದರೆ ಬಿಂದು. ತಂತುವಿನ ವಾದವಾದರೋ ಬಿಂದುವನ್ನು ನಿರಾಕರಿಸಿ ನಿಂತ ವಾದ! ಹೋಲಿಕೆಯನ್ನೇ ಪ್ರಮಾಣವೆಂದು ಹಿಡಿದರೆ, ಮೂಡಬಿದಿರೆಯ ಪರಮಾಣು ತಂತುವಾದಿಗಳ ಕಡೆಗಲ್ಲ, ಅವರು ಬಿಟ್ಟುಬಂದ ಬಿಂದುವಾದಿಗಳ ಕಡೆಗೆ ಸಾಕ್ಷಿ ಹೇಳಬೇಕಾಗುತ್ತದೆ. ನಿಜವಾಗಿ ನೋಡಿದರೆ ಅದು ಯಾರ ಕಡೆಗೂ ಸಾಕ್ಷಿ ಹೇಳುವುದಿಲ್ಲ. ಜೀವ, ಕರ್ಮ, ಮೋಕ್ಷಗಳ ಒಂದು ದೊಡ್ಡ ವ್ಯವಸ್ಥೆಯೊಳಗೆ ಅದಕ್ಕೆ ಅದರದೇ ಕೆಲಸವುಂಟು. ಅಲ್ಲಿಂದ ಕಿತ್ತು ಜಿನೀವಾದ ಪ್ರಯೋಗಶಾಲೆಯ ಅಂಗಳದಲ್ಲಿ ನಿಲ್ಲಿಸಿದರೆ ಅದಕ್ಕೂ ಗೌರವವಿಲ್ಲ, ನಮಗೂ ಲಾಭವಿಲ್ಲ.

ಹೆಮ್ಮೆ ಪಡಬೇಕಾದುದಿಲ್ಲವೆಂದು ನಾನು ಹೇಳುತ್ತಿಲ್ಲ. ಅದೇ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಧವಲ, ಜಯಧವಲ, ಮಹಾಧವಲಗಳು ಉಳಿದುಬಂದವು. ಅಲ್ಲಿ ಉಳಿಯದಿದ್ದರೆ ಲೋಕಕ್ಕೆ ಅವು ದೊರೆಯುತ್ತಿರಲಿಲ್ಲ. ಧವಲಾಟೀಕೆಯನ್ನು ವೀರಸೇನನು ಒಂಬತ್ತನೆಯ ಶತಮಾನದ ಆರಂಭದಲ್ಲಿ ಮುಗಿಸಿದನು. ೧೯೩೯ರಿಂದ ಅದು ಸಂಪುಟ ಸಂಪುಟವಾಗಿ ಅಚ್ಚಾಯಿತು. ಅದರಲ್ಲಿ ಅರ್ಧಚ್ಛೇದವೆಂಬ ಗಣಿತವಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅಷ್ಟು ಅದರ ಅರ್ಧಚ್ಛೇದ: ಎಂಟಕ್ಕೆ ಮೂರು, ಮೂವತ್ತೆರಡಕ್ಕೆ ಐದು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ. ಇದು ಇಂದಿನ ಲಾಗರಿತಮ್ಮಿನ ನಿಯಮವೇ ಆಗಿದೆಯೆಂದು ಗಣಿತದ ಇತಿಹಾಸಕಾರ ಅವಧೇಶ ನಾರಾಯಣ ಸಿಂಗ್ ಅವರು ಪುಟ ತೆರೆದು ತೋರಿಸಿದರು. ಇದನ್ನು ಯಾರು ಬೇಕಾದರೂ ಕೈಯಲ್ಲಿ ಕಾಗದ ಹಿಡಿದು ಪರೀಕ್ಷಿಸಬಹುದು. ನೇಪಿಯರನ ಕೋಷ್ಟಕಗಳು ವೀರಸೇನನಲ್ಲಿ ಇರಲಿಲ್ಲವೆಂದು ಹೇಳಿದರೂ ಅವನ ಕೀರ್ತಿಗೆ ಕುಂದಿಲ್ಲ. ಇಂಥ ಹೆಮ್ಮೆಗೆ ಆಧಾರ ಪುಟದಲ್ಲಿದೆ. ಚಪ್ಪಾಳೆ ಬಿದ್ದ ಹೆಮ್ಮೆಗೆ ಆಧಾರ ಹೋಲಿಕೆಯಲ್ಲಿ ಮಾತ್ರ ಇತ್ತು. ಆ ಸಭೆಯಲ್ಲಿ ಕುಳಿತಿದ್ದ ಎಷ್ಟು ವಿದ್ಯಾರ್ಥಿಗಳಿಗೆ ಅರ್ಧಚ್ಛೇದದ ಹೆಸರು ತಿಳಿದಿತ್ತು? ಸುಳ್ಳು ಹೆಮ್ಮೆಯಿಂದಾಗುವ ದೊಡ್ಡ ನಷ್ಟವೆಂದರೆ ನಿಜವಾದ ಹೆಮ್ಮೆಗೆ ಜಾಗವಿಲ್ಲದಂತಾಗುವುದು.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಉಪಮೆಗೆ ನಾಲ್ಕು ಅಂಗಗಳೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ: ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ಉಪಮೆಯ ಪ್ರಾಣ ಇರುವುದು, ಎರಡು ವಸ್ತುಗಳು ಬೇರೆ ಬೇರೆ ಎಂಬ ಅರಿವು ಉಳಿದುಕೊಂಡೇ ಅವುಗಳ ಸಾಮ್ಯ ಹೊಳೆಯುವುದರಲ್ಲಿ. ‘ಅಂತೆ’ ಎಂಬ ವಾಚಕ ಬಿದ್ದುಹೋದರೆ ರೂಪಕವಾಗುತ್ತದೆ: ಕಣವು ಸ್ವರದಂತೆ ಎಂಬುದು ಹೋಗಿ ಕಣವೇ ಸ್ವರವೆನ್ನುತ್ತೇವೆ. ಅಲ್ಲಿಗೂ ದೋಷವಿಲ್ಲ, ಕವಿಗೂ ಓದುಗನಿಗೂ ಅಭೇದವು ಆರೋಪಿತವೆಂದು ಗೊತ್ತಿರುತ್ತದೆ. ಅದನ್ನೂ ಮರೆತು ಒಂದನ್ನು ಇನ್ನೊಂದೆಂದೇ ತಿಳಿದರೆ ಅದು ಭ್ರಾಂತಿ. ದಂಡಿಯು ಇಂಥದನ್ನು ಮೋಹೋಪಮೆಯೆಂದು ಉಪಮೆಯ ಒಂದು ಭೇದವಾಗಿ ಎಣಿಸಿದನು. ಮುಂದಿನ ಆಲಂಕಾರಿಕರು ಅದನ್ನು ಭ್ರಾಂತಿಮಾನ್ ಎಂಬ ಬೇರೆ ಅಲಂಕಾರವೆಂದರು. ಕಾವ್ಯದಲ್ಲಿ ಭ್ರಾಂತಿ ಪಾತ್ರದ್ದು, ಕವಿಯದ್ದಲ್ಲ. ನಮ್ಮ ಸಭೆಗಳಲ್ಲಿ ಭಾಷಣಕಾರನೇ ಭ್ರಾಂತನಾಗುತ್ತಾನೆ. ವಿಜ್ಞಾನಿ ಕೊಟ್ಟ ಉಪಮೆಯು ಪತ್ರಿಕೆಗೆ ಬರುವಾಗ ರೂಪಕವಾಗಿ, ವೇದಿಕೆಗೆ ಏರುವಾಗ ತತ್ತ್ವವಾಗಿಬಿಡುತ್ತದೆ. ಅಲಂಕಾರಶಾಸ್ತ್ರವನ್ನು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಕಲಿಸಿದ ನಮ್ಮಂಥವರ ಪಾಲೂ ಇದರಲ್ಲಿ ಉಂಟೆನ್ನದೆ ವಿಧಿಯಿಲ್ಲ.

ಇದೇ ಸಂಬಂಧದಲ್ಲಿ ಒಂದು ಶಬ್ದದ ವಿಚಾರವನ್ನೂ ಹೇಳಬೇಕು. ನಾವು ಅದನ್ನು ‘ತಂತುಸಿದ್ಧಾಂತ’ವೆನ್ನುತ್ತೇವೆ. ನಮ್ಮ ಶಾಸ್ತ್ರಗಳಲ್ಲಿ ಸಿದ್ಧಾಂತವೆಂದರೆ, ಪೂರ್ವಪಕ್ಷವನ್ನು ಎತ್ತಿ, ಖಂಡಿಸಿ, ಪ್ರಮಾಣದಿಂದ ನೆಲೆಗೊಳಿಸಿದ ಕೊನೆಯ ನಿರ್ಣಯ. ತಂತುವಿಗೆ ಇನ್ನೂ ಆ ಪದವಿ ಬಂದಿಲ್ಲ. ಅದನ್ನು ನೇರವಾಗಿ ಪರೀಕ್ಷಿಸಬೇಕಾದರೆ, ೨೭ ಕಿಲೋಮೀಟರು ಸುತ್ತಳತೆಯ ಸರ್ನಿನ ಯಂತ್ರವು ಕೊಡುವ ಶಕ್ತಿಗಿಂತ, ಒಂದರ ಮುಂದೆ ೧೫ ಸೊನ್ನೆ ಬರೆದಷ್ಟು ಪಟ್ಟಿನ ಸಮೀಪದ ಶಕ್ತಿ ಬೇಕಾಗುತ್ತದೆ. ಅದರೊಡನೆ ದೊರೆಯಬಹುದೆಂದು ಹಲವರು ನಿರೀಕ್ಷಿಸಿದ್ದ ಜೊತೆಗಣಗಳೂ ಆ ಯಂತ್ರದಲ್ಲಿ ಇದುವರೆಗೆ ಕಂಡುಬಂದಿಲ್ಲ. ಆದುದರಿಂದ ‘ತಂತುವಾದ’ವೆಂಬ ಹೆಸರೇ ಯುಕ್ತವೆಂದು ನನ್ನ ಅಭಿಪ್ರಾಯ. ವಾದವೆಂದರೆ ಹೀನವಾದುದೇನೂ ಅಲ್ಲ. ಸ್ಯಾದ್ವಾದ, ಅನೇಕಾಂತವಾದಗಳು ವಾದಗಳೇ. ವಿಚಾರಣೆ ನಡೆಯುತ್ತಿದೆಯೆಂದು ಮಾತ್ರ ಅದರ ಅರ್ಥ.

ಪರೀಕ್ಷೆಯೆಂದರೇನೆಂಬುದಕ್ಕೆ ಕನ್ನಡನಾಡಿನಲ್ಲೇ ಒಂದು ಉಜ್ಜ್ವಲವಾದ ನಿದರ್ಶನವುಂಟು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು ೨.೩ ಕಿಲೋಮೀಟರು ಕೆಳಗೆ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನ್, ಇಂಗ್ಲೆಂಡುಗಳ ಅವರ ಸಹೋದ್ಯೋಗಿಗಳೂ ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಅದು ದೊರೆಯಿತು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ನರು ಕೋಲಾರದ ಆ ಸಾಹಸದ ಮೊದಲಿಗರಲ್ಲಿ ಒಬ್ಬರು. ಮುಂದೆ ೧೯೭೪ರಲ್ಲಿ, ಬಲಗಳನ್ನೆಲ್ಲ ಒಂದುಗೂಡಿಸುವ ಒಂದು ಸೊಗಸಾದ ವಾದ ಹುಟ್ಟಿ, ಪ್ರೋಟಾನೂ ಶಾಶ್ವತವಲ್ಲ, ಅದೂ ಕ್ಷಯಿಸುತ್ತದೆಯೆಂದು ಹೇಳಿತು. ೧೯೮೦ರ ಹೊತ್ತಿಗೆ ಅದೇ ಗಣಿಯ ಆಳದಲ್ಲಿ ಸುಮಾರು ೧೪೦ ಟನ್ನು ಕಬ್ಬಿಣವನ್ನು ಪದರಪದರವಾಗಿ ಜೋಡಿಸಿ, ಒಂದಾದರೂ ಪ್ರೋಟಾನು ಸಾಯುವುದೇ ಎಂದು ವರ್ಷಗಟ್ಟಲೆ ಕಾದರು. ಆರಂಭದಲ್ಲಿ ಕೆಲವು ಘಟನೆಗಳು ಹಾಗೆ ತೋರಿದುವು. ಆದರೆ ಅಮೆರಿಕ, ಜಪಾನುಗಳ ಇನ್ನೂ ದೊಡ್ಡ ಉಪಕರಣಗಳಲ್ಲಿ ಅದು ಕಾಣಿಸಲಿಲ್ಲ. ಪ್ರೋಟಾನಿನ ಆಯುಷ್ಯವು, ಒಂದರ ಮುಂದೆ ೩೪ ಸೊನ್ನೆ ಬರೆದಷ್ಟು ವರ್ಷಗಳಿಗೂ ಮಿಕ್ಕಿದ್ದಿರಬೇಕೆಂದು ಇಂದು ತಿಳಿದಿದೆ. ಆ ಸೊಗಸಾದ ವಾದವನ್ನು ಅದರ ಸರಳರೂಪದಲ್ಲಿ ಕೈಬಿಡಬೇಕಾಯಿತು. ೨೦೦೧ರಲ್ಲಿ ಗಣಿಯೂ ಮುಚ್ಚಿತು. ಸೌಂದರ್ಯವೊಂದೇ ಪ್ರಮಾಣವಲ್ಲವೆಂಬುದಕ್ಕೆ ಕೋಲಾರದ ಆ ಕತ್ತಲೆಯೇ ನಮಗೆ ಪಾಠ. ಸೌಂದರ್ಯಮೀಮಾಂಸೆಯನ್ನು ಕಲಿಸುವವರು ಈ ಪಾಠವನ್ನು ಮರೆಯಬಾರದು.

ಹಾಗೆಂದು ತಂತುವಾದಿಗಳನ್ನು ಹಾಸ್ಯಮಾಡುವುದೂ ಸಲ್ಲದು. ಜಗತ್ತಿನ ತಂತುವಾದಿಗಳ ವಾರ್ಷಿಕ ಸಮ್ಮೇಳನ ೨೦೧೫ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಈ ಕ್ಷೇತ್ರದ ಅಗ್ರಗಣ್ಯರಲ್ಲಿ ಒಬ್ಬರಾದ ಅಶೋಕ್ ಸೇನರು ೨೦೨೧ರಿಂದ ಬೆಂಗಳೂರಿನ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾರೆ. ಕಪ್ಪುಕುಳಿಗಳ ಒಳಗಿನ ಸ್ಥಿತಿಗಳನ್ನು ಎಣಿಸುವ ಲೆಕ್ಕದಲ್ಲಿ, ೧೯೯೬ರಿಂದೀಚೆಗೆ, ಈ ವಾದವು ಬೇರೆ ಯಾವುದರಿಂದಲೂ ಆಗದುದನ್ನು ಸಾಧಿಸಿದೆ; ಅದಕ್ಕಾಗಿ ಹುಟ್ಟಿದ ಗಣಿತವು ಅನ್ಯಕ್ಷೇತ್ರಗಳಿಗೂ ಉಪಕಾರ ಮಾಡಿದೆ. ಬೆಳ್ತಂಗಡಿಯ ನನ್ನ ವಿದ್ಯಾರ್ಥಿನಿಯಂಥವರು ನಾಳೆ ಅಲ್ಲಿಗೆ ಹೋಗಬಹುದು. ಹೋಗುವ ಮಕ್ಕಳ ಬುತ್ತಿಯಲ್ಲಿ ನಾವು ಏನನ್ನು ಕಟ್ಟಿಕೊಡುತ್ತೇವೆ ಎಂಬುದೇ ಪ್ರಶ್ನೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳಿದರೆ, ಹಾಗಾದರೆ ಹೊಸದಾಗಿ ಹುಡುಕುವುದೇಕೆಂದು ಅವರು ಕೇಳಬೇಕಾದೀತು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಕೆಲಸ ನಿನ್ನೆ ಮೊನ್ನೆಯದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡನೆ ‘ವಿಜ್ಞಾನ’ ಪತ್ರಿಕೆಯನ್ನು ೧೯೧೮ರಲ್ಲಿ ಹೊರಡಿಸಿದರು. ನಮ್ಮ ಜಿಲ್ಲೆಯವರೇ ಆಗಿಹೋದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಇವರು ಸಾಹಿತ್ಯವನ್ನೂ ವಿಜ್ಞಾನವನ್ನೂ ಬಲ್ಲವರು. ಕನ್ನಡದ ಬಲವನ್ನು ತಿಳಿಯಪಡಿಸುವುದಕ್ಕೆ ಬಳಸಿದರು, ಮರುಳುಮಾಡುವುದಕ್ಕಲ್ಲ. ಇಂದು ಕಾಲೇಜುಗಳಲ್ಲಿ ಕನ್ನಡ ವಿಭಾಗಕ್ಕೂ ಭೌತಶಾಸ್ತ್ರ ವಿಭಾಗಕ್ಕೂ ನಡುವೆ ಇರುವುದು ಒಂದು ಗೋಡೆ ಮಾತ್ರ. ಆದರೂ ವರ್ಷಕ್ಕೊಮ್ಮೆ ನಾವು ಒಬ್ಬರನ್ನೊಬ್ಬರು ಏನನ್ನಾದರೂ ಕೇಳುವುದುಂಟೇ? ನಾನು ಹದಿನೈದು ವರ್ಷ ಪಾಠ ಹೇಳಿಯೂ ಕೇಳಿರಲಿಲ್ಲ. ಕೇಳಿದ್ದರೆ ನನ್ನ ತಪ್ಪು ಅರ್ಧ ಗಂಟೆಯಲ್ಲಿ ತಿದ್ದಿಹೋಗುತ್ತಿತ್ತು.

ಈಗ ಆ ಪಾಠವನ್ನು ನಾನು ಬೇರೆ ರೀತಿಯಲ್ಲಿ ಮಾಡುತ್ತೇನೆ. ವಿಶ್ವವೀಣೆಯ ಉಪಮೆಯನ್ನು ಬಿಟ್ಟಿಲ್ಲ; ಅದು ಸುಂದರವಾದುದು, ಬಿಡಬೇಕಾಗಿಯೂ ಇಲ್ಲ. ಹಲಗೆಯ ಮೇಲೆ ಉಪಮೆಯ ನಾಲ್ಕು ಅಂಗಗಳನ್ನು ಬರೆದ ಮೇಲೆ, ಐದನೆಯದಾಗಿ ‘ಎಲ್ಲೆ’ ಎಂದು ಬರೆದು, ಈ ಉಪಮೆ ಎಲ್ಲಿಗೆ ನಿಲ್ಲುತ್ತದೆಯೆಂದು ಮಕ್ಕಳನ್ನೇ ಕೇಳುತ್ತೇನೆ. ಶಾಸ್ತ್ರದಲ್ಲಿ ಐದನೆಯ ಅಂಗವಿಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಅದಕ್ಕೂ ಸಮಾಧಾನ ಮೂಡಬಿದಿರೆಯ ದರ್ಶನದಲ್ಲೇ ದೊರೆಯುತ್ತದೆ. ಯಾವ ಮಾತನ್ನು ಹೇಳುವಾಗಲೂ ‘ಸ್ಯಾತ್’ ಎಂದು, ಒಂದು ದೃಷ್ಟಿಯಿಂದ ಎಂದು, ಸೇರಿಸಿಕೊಳ್ಳಬೇಕೆಂದು ಆ ದರ್ಶನವು ವಿಧಿಸಿತು. ಒಂದು ದೃಷ್ಟಿಯಿಂದ ವಿಶ್ವವು ವೀಣೆಯಂತಿದೆ. ಇನ್ನೊಂದು ದೃಷ್ಟಿಯಿಂದ ಇಲ್ಲ. ಕಣವಿಜ್ಞಾನಕ್ಕೆ ಪರಮಾಣುವನ್ನು ನಾವು ದಾನ ಮಾಡಿದೆವೆಂದು ಹೇಳಿಕೊಳ್ಳುವುದಕ್ಕಿಂತ, ಈ ಒಂದು ಪದವನ್ನು ನಮ್ಮ ಮಾತಿನಲ್ಲಿ ಬಳಸಲು ಕಲಿತರೆ, ಹಿರಿಯರ ಋಣ ಹೆಚ್ಚು ಸಂದೀತು.

ನನ್ನ ವಿದ್ಯಾರ್ಥಿನಿಗೆ ಕೆಲವು ತಿಂಗಳ ತರುವಾಯ ಉತ್ತರ ಬರೆದೆ: ತಂತು ಯಾವುದರದ್ದೂ ಅಲ್ಲವಂತೆ, ಎಲ್ಲವೂ ತಂತುವಿನದ್ದಂತೆ, ಇದು ಇನ್ನೂ ವಾದ, ಸಿದ್ಧಾಂತವಲ್ಲ, ತರಗತಿಯಲ್ಲಿ ನಾನು ಹೇಳಿದ್ದು ತಪ್ಪು. ಕೊನೆಯ ವಾಕ್ಯವನ್ನು ಬರೆಯಲು ತುಸು ಹೊತ್ತು ಹಿಡಿಯಿತು.